ಸ್ವಂತ ಊರಿನ ನೆಂಟರು

ಬಹಳ ಹಿಂದೆ, ಅಂದರೆ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾಗದಷ್ಟು ಹಿಂದೆ, ಹಿತಪುರ ಎಂಬ ಒಂದು ರಾಜ್ಯವಿತ್ತು. ಅದನ್ನು ಶ್ರೀಮನ್ಮಹಾರಾಜ ಸರ್ವಹಿತವರ್ಧನರು ಆಳುತ್ತಿದ್ದರು. ಮಹಾರಾಜರು ಬಹಳ ದಯಾಳು. ಆ ದಯೆಯನ್ನು ನೋಡಿಕೊಳ್ಳಲು ಒಂದು ಇಲಾಖೆ, ಇಲಾಖೆಗೆ ಒಬ್ಬ ಸಚಿವ, ಸಚಿವನಿಗೆ ಎರಡು ಪಲ್ಲಕ್ಕಿ ಇದ್ದವು.

ಇಲಾಖೆಯ ಕೆಳಗೆ ಸರ್ವಜನ ಸುರಕ್ಷಾ ನಿಧಿ ಎಂಬುದೊಂದಿತ್ತು. ಕಾಯಿಲೆ ಬಿದ್ದರೆ, ಕೈಕಾಲು ಮುರಿದರೆ, ಬಾಣಂತನವಾದರೆ, ಮುಪ್ಪು ಬಂದರೆ ಇದರಿಂದ ನೆರವು. ನಿಧಿಗೆ ದುಡ್ಡು ಬರುತ್ತಿದ್ದುದು ಉಪ್ಪಿನ ಮೇಲೆ ಹಾಕಿದ್ದ ಸೆಸ್ಸಿನಿಂದ. ಉಪ್ಪನ್ನು ಎಲ್ಲರೂ ತಿನ್ನುತ್ತಿದ್ದರು. ನೆರವು ಮಾತ್ರ ಅರಮನೆಯಲ್ಲಿ ತಿಂಗಳ ಸಂಬಳಕ್ಕಿದ್ದವರಿಗೆ. ಹೆಸರಿನಲ್ಲಿ ಸರ್ವಜನ ಅಂತ ಇದೆಯಲ್ಲ ಎಂದು ಯಾರಾದರೂ ಕೇಳಿದರೆ, "ಹಂತಹಂತವಾಗಿ ಅನುಷ್ಠಾನ ನಡೀತಿದೆ" ಎಂದು ಉತ್ತರ ಬರುತ್ತಿತ್ತು. ಮೊದಲನೆಯ ಹಂತ ಮಹಾರಾಜರ ತಾತನ ಕಾಲದಲ್ಲಿ ಶುರುವಾಗಿತ್ತು.

ಇಂಥ ನಿಧಿಗೆ ಒಂದು ಹೊಸ ಭವನ ಬೇಕೆಂದು ತೀರ್ಮಾನವಾಯಿತು. ಕಟ್ಟಿದರು. ಅದರ ಮೇಲಂತಸ್ತಿಗೆ ಗಾರೆ ಬಳಿಯುತ್ತಿದ್ದ ಚಿಕ್ಕಬೋರ ಎಂಬವನು ಸಾರುವೆಯ ಕಟ್ಟಿಗೆ ಮುರಿದು ಕೆಳಕ್ಕೆ ಬಿದ್ದ. ತೊಡೆಯ ಮೂಳೆ ಎರಡಾಯಿತು. ಅವನ ಹೆಂಡತಿ ದ್ಯಾವೀರಮ್ಮ ಗಂಡನನ್ನು ಹಗ್ಗದ ಮಂಚದ ಮೇಲೆ ಮಲಗಿಸಿ, ಅದೇ ಭವನದ ಒಳಗೆ ಹೋಗಿ ಅಧಿಕಾರಿಯ ಮುಂದೆ ನಿಂತಳು.

"ಮೂಳೆ ಕೂಡಾಗಂಟ ನಮ್ಮನ್ನ ನೋಡ್ಕಳಿ ಬುದ್ಧಿ. ವೈದ್ಯರನ್ನ ಕಳ್ಸಿ, ಒಲೆ ಮ್ಯಾಲೆ ಎಸರು ಇಡಂಗೆ ಮಾಡಿ. ಇನ್ನೇನೂ ಕೇಳಾಕಿಲ್ಲ."

"ಯಾವ ಇಲಾಖೆ?"

"ಗಾರೆ."

"ಗಾರೆ ಇಲಾಖೆ ಅಂತ ಇಲ್ಲವಲ್ಲಮ್ಮ."

"ನೀವು ಬೆನ್ನು ಒರಗಿಸ್ಕಂಡು ಕುಂತಿರೋ ಗ್ವಾಡೆ ನನ್ ಗಂಡ ಕಟ್ಟಿದ್ದು."

ಅಧಿಕಾರಿ ಹಿಂದೆ ತಿರುಗಿ ಗೋಡೆಯನ್ನು ನೋಡಿ, ಮೆಚ್ಚುಗೆಯಿಂದ ತಲೆದೂಗಿದ. "ಚೆನ್ನಾಗಿದೆ. ಗೋಡೆ ನಿಧಿಗೆ ಸೇರಿದ್ದು. ಕಟ್ಟಿದವರು ಸೇರಿಲ್ಲ. ನಿಯಮ ನಾನು ಮಾಡಿದ್ದಲ್ಲ, ತಾಯಿ."

ದ್ಯಾವೀರಮ್ಮ ಮನೆಗೆ ಬಂದಳು. ಅಕ್ಕಿಯ ಮಡಕೆಯ ತಳ ಕಾಣುತ್ತಿತ್ತು.

ಇತ್ತ ಅರಮನೆಯಲ್ಲಿ ಬೇರೆಯದೇ ಗಡಿಬಿಡಿ. ಸುತ್ತಲಿನ ರಾಜರೆಲ್ಲ ಸೇರುವ ಶೃಂಗಸಭೆ ಹತ್ತಿರ ಬಂದಿತ್ತು. ಈ ಸಲದ ಸ್ಪರ್ಧೆ ಏನೆಂದರೆ, ಯಾರ ರಾಜ್ಯದಲ್ಲಿ ನೂರು ಪ್ರಜೆಗಳ ಪೈಕಿ ಹೆಚ್ಚು ಮಂದಿಗೆ ಸುರಕ್ಷೆ ಇದೆಯೋ ಅವರಿಗೆ ರತ್ನದ ರಕ್ಷಾಮುಕುಟ. ಮಹಾರಾಜರಿಗೆ ಕಿರೀಟಗಳೆಂದರೆ ಪ್ರಾಣ. ಅವರು ಅಂಕಿಅಂಶ ಸಚಿವ ಗಣಿತಾನಂದನನ್ನು ಕರೆಸಿದರು.

"ಗಣಿತಾನಂದರೇ, ನಮ್ಮಲ್ಲಿ ನೂರಕ್ಕೆ ಎಷ್ಟು?"

"ಒಂಬತ್ತು, ಪ್ರಭು. ಅತ್ಯಂತ ಶುಭಸಂಖ್ಯೆ. ಗ್ರಹಗಳೂ ಒಂಬತ್ತೇ."

"ಪಕ್ಕದ ರಾಜ್ಯದಲ್ಲಿ?"

"ಮೂವತ್ತು. ಆದರೆ ಆ ಮೂವತ್ತಕ್ಕೆ ನಮ್ಮ ಒಂಬತ್ತರ ಕಾಂತಿ ಇಲ್ಲ."

"ಕಾಂತಿಗೆ ಕಿರೀಟ ಕೊಡ್ತಾರೇನ್ರೀ?" ಎಂದು ಮಹಾರಾಜರು ಸಿಡುಕಿದರು. "ನಮಗೆ ನೂರು ಬೇಕು."

ಗಣಿತಾನಂದ ಕಣ್ಣು ಮುಚ್ಚಿ ಕೊಂಚ ಹೊತ್ತು ಕೂತ. ಅವನು ಕಣ್ಣು ಮುಚ್ಚಿದಾಗಲೆಲ್ಲ ರಾಜ್ಯದಲ್ಲಿ ಯಾರಿಗೋ ಏನೋ ಕಡಿಮೆಯಾಗುತ್ತಿತ್ತು.

"ಪ್ರಭು, ಇದೊಂದು ಭಾಗಾಕಾರ. ಮೇಲೆ ಸುರಕ್ಷೆ ಇರುವವರು, ಕೆಳಗೆ ಒಟ್ಟು ಪ್ರಜೆಗಳು. ಮೇಲಿನ ಸಂಖ್ಯೆ ಏರಿಸಬೇಕಾದರೆ ಬೊಕ್ಕಸ ಬರಿದಾಗುತ್ತೆ. ಕೆಳಗಿನದನ್ನು ಇಳಿಸಿದರೆ ಒಂದು ಕಾಸೂ ಖರ್ಚಿಲ್ಲ."

ಮಹಾರಾಜರ ಮುಖ ಬಿಳಿಚಿತು. "ಪ್ರಜೆಗಳನ್ನು ಕೊಲ್ಲುವುದೇ?"

"ಛೇ ಛೇ! ನಮ್ಮದು ಕಲ್ಯಾಣ ರಾಜ್ಯ. ಸುರಕ್ಷೆ ಇಲ್ಲದವರನ್ನೆಲ್ಲ ಅತಿಥಿಗಳು ಎಂದು ಘೋಷಿಸಿಬಿಡೋಣ. ಮನೆಯವರ ಲೆಕ್ಕ ಕೇಳಿದಾಗ ಅತಿಥಿಗಳನ್ನು ಯಾರೂ ಎಣಿಸುವುದಿಲ್ಲವಲ್ಲ. ಉಳಿದ ಅರಮನೆಯವರಷ್ಟೇ ಪ್ರಜೆಗಳು. ಅವರಿಗೆಲ್ಲ ಸುರಕ್ಷೆ ಇದ್ದೇ ಇದೆ. ನೂರಕ್ಕೆ ನೂರು."

ಮಹಾರಾಜರು ಸಿಂಹಾಸನದಿಂದ ಇಳಿದು ಬಂದು ಸಚಿವನನ್ನು ಅಪ್ಪಿಕೊಂಡರು. ಆಸ್ಥಾನದವರು ಜಯಕಾರ ಹಾಕಿದರು. ಮಾಧ್ಯಮ ಸಲಹೆಗಾರ ಆನಂದಬಾಷ್ಪ ಸುರಿಸಿದ. ಅದು ಅವನ ಕೆಲಸವೇ ಆಗಿತ್ತು. ಮರುದಿನ ಬೀದಿಬೀದಿಯಲ್ಲಿ ಡಂಗುರ ಸಾರಿದರು: "ಕೇಳಿರಿ, ಕೇಳಿರಿ! ಶ್ರೀಮನ್ಮಹಾರಾಜರು ಅಪಾರ ಕರುಣೆಯಿಂದ, ನಿಧಿಯ ವ್ಯಾಪ್ತಿಯ ಹೊರಗಿರುವ ಸಕಲರನ್ನೂ ಇಂದಿನಿಂದ ರಾಜ್ಯದ ಮಾನ್ಯ ಅತಿಥಿಗಳ ದರ್ಜೆಗೆ ಏರಿಸಿದ್ದಾರೆ! ಇದು ಉಚಿತ!"

ಇಲ್ಲಿ ಹಿತಪುರದ ಒಂದು ಪದ್ಧತಿಯನ್ನು ಹೇಳಬೇಕು. ಅಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಆಮೇಲೆ ಊಟ. ಬಂದವರು ಉಂಡು ಏಳುವ ತನಕ ಮನೆಯ ಯಜಮಾನ ತುತ್ತು ಎತ್ತುವಂತಿಲ್ಲ. ಬಂದವರಿಗೆ ಮೈ ಹುಷಾರಿಲ್ಲದಿದ್ದರೆ ಆರೈಕೆಯೂ ಮನೆಯವರದೇ. ಇದನ್ನು ಮೀರಿದ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ, ಅದು ಅರಮನೆಯಾದರೂ ಸರಿ. ಇಷ್ಟು ಗಟ್ಟಿಯಾದ ಪದ್ಧತಿಯನ್ನು ಗಣಿತಾನಂದ ಹೇಗೆ ಮರೆತ ಎಂದು ನೀವು ಕೇಳಬಹುದು. ಅವನು ಎಲ್ಲರ ಮನೆಗೂ ಅತಿಥಿಯಾಗಿಯೇ ಹೋದವನು. ಯಾರನ್ನೂ ತನ್ನ ಮನೆಗೆ ಕರೆದವನಲ್ಲ.

ದ್ಯಾವೀರಮ್ಮ ಡಂಗುರ ಕೇಳಿ ಪಕ್ಕದ ಮನೆಯ ಪುಟ್ಟನಂಜಿಯನ್ನು ಕೂಗಿದಳು.

"ಅಕ್ಕೋ, ಅತಿಥಿ ಅಂದ್ರೆ ನೆಂಟ್ರು ತಾನೆ?"

"ಊಂ ಕಣೆ."

"ಯಾರ ಮನೆ ನೆಂಟ್ರು?"

"ರಾಜರೇ ಸಾರ್ಸವ್ರೆ ಅಂದ್ಮೇಲೆ ರಾಜರ ಮನೆ ನೆಂಟ್ರೇ."

"ಹಂಗಾರೆ ಈ ಮಂಚದ ಆ ತುದಿ ಹಿಡ್ಕೊ. ಉಣ್ಣೋ ಹೊತ್ಗೆ ಹೋಗ್ಬೇಕು."

"ಏ, ನಾನ್ಯಾಕೆ ಬರ್ಲಿ?"

"ನೀನೂ ನೆಂಟಳೇ ಅಲ್ವೇನೆ, ಬಾ."

ಮಂಚ ಅರಮನೆಯ ಬಾಗಿಲಿಗೆ ಬಂದಾಗ ಕಾವಲುಗಾರ ಈಟಿ ಅಡ್ಡ ಹಿಡಿದ. "ಯಾರು ನೀವು?" "ನೆಂಟ್ರು" ಅಂದಳು ದ್ಯಾವೀರಮ್ಮ. ಅವನು ಈಟಿಯನ್ನು ಗೋಡೆಗೆ ಒರಗಿಸಿ, ಬೆಲ್ಲ ತರಲು ಒಳಗೆ ಓಡಿದ. ಅವನಿಗೂ ಮದುವೆ ವಯಸ್ಸಿಗೆ ಬಂದ ಮಗನಿದ್ದ.

ಮಹಾರಾಜರು ಆಗಷ್ಟೇ ಎಲೆಯ ಮುಂದೆ ಕೂತಿದ್ದರು. ಹೋಳಿಗೆಯ ಮೇಲೆ ತುಪ್ಪ ಬಿದ್ದಿತ್ತು. ಮಂಚ ಒಳಗೆ ಬಂತು.

"ಬಂದ್ವಿ ಬುದ್ಧಿ. ತಾವು ಕರೆದ್ಮೇಲೆ ಬರ್ದೆ ಇದ್ರೆ ಮರ್ಯಾದೆ ಇರಾಕಿಲ್ಲ," ಎಂದು ದ್ಯಾವೀರಮ್ಮ ಕೈಮುಗಿದಳು. "ಇವ್ರು ನಮ್ ಯಜಮಾನ್ರು. ಎದ್ದು ನಮಸ್ಕಾರ ಮಾಡೋಕಾಗಾಕಿಲ್ಲ, ತೊಡೆ ಮುರ್ದದೆ."

ಮಹಾರಾಜರ ಕೈ ಹೋಳಿಗೆಯ ಮೇಲೇ ನಿಂತುಹೋಯಿತು. ಸುತ್ತ ನೋಡಿದರು. ಮಹಾರಾಣಿ, ಅಡುಗೆಯವರು, ಊಳಿಗದವರು ಎಲ್ಲ ನೋಡುತ್ತಿದ್ದರು. ರಾಜಕುಮಾರನಿಗೆ ಹೆಣ್ಣು ನೋಡುವ ಮಾತುಕತೆ ನಡೆಯುತ್ತಿತ್ತು.

"ಬನ್ನಿ, ಬನ್ನಿ," ಎಂದರು ಮಹಾರಾಜರು, ಹಲ್ಲು ಬಿಗಿಹಿಡಿದು. "ಊಟದ ಹೊತ್ತಿಗೆ ಸರಿಯಾಗಿ ಬಂದಿರಿ. ಎಷ್ಟು ಸಂತೋಷ!"

ಆ ದಿನ ರಾಜವೈದ್ಯರು ಚಿಕ್ಕಬೋರನ ಮೂಳೆ ಕೂಡಿಸಿ, ಬಿದಿರಿನ ದಬ್ಬೆ ಕಟ್ಟಿ, "ಇನ್ನೊಂದು ತಿಂಗಳು ಅಲ್ಲಾಡಬಾರದು. ಅಲ್ಲಾಡಿದರೆ ಕಾಲು ಸೊಟ್ಟ ಆಗುತ್ತೆ. ಆಮೇಲೆ ಯಾವ ಕೆಲಸಕ್ಕೂ ಬರೋದಿಲ್ಲ," ಎಂದರು. ಚಿಕ್ಕಬೋರ ಕಣ್ಣೀರು ಹಾಕಿದ. ದ್ಯಾವೀರಮ್ಮ ಇನ್ನೆರಡು ಹೋಳಿಗೆ ಹಾಕಿಸಿಕೊಂಡಳು.

ಮರುದಿನ ಅವಳ ಕೇರಿ ಬಂತು. ಅದರ ಮರುದಿನ ನೇಕಾರರು, ಬೀಡಿ ಕಟ್ಟುವವರು, ಹೊರೆ ಹೊರುವ ಹಮಾಲರು, ಮನೆಗೆಲಸದ ಹೆಂಗಸರು, ಬಂಡಿ ಮೇಲೆ ಸೊಪ್ಪು ಮಾರುವವರು ಬಂದರು. ಬಾಣಂತಿಯರಿಗೆ ಮೆಣಸಿನ ಸಾರು ಬಂತು. ಮುದುಕರಿಗೆ ಮೆತ್ತಗಿನ ಅನ್ನ ಬಂತು. ಜ್ವರದವರಿಗೆ ಕಷಾಯ ಬಂತು. ಬೆಳಗಿನ ತಿಂಡಿಯ ಕೊನೆಯ ಪಂಕ್ತಿ ಏಳುವಷ್ಟರಲ್ಲಿ ಮಧ್ಯಾಹ್ನದ ಮೊದಲ ಪಂಕ್ತಿ ಕೂತಿರುತ್ತಿತ್ತು. ಅತಿಥಿಗಳೆಲ್ಲ ಉಣ್ಣುವ ತನಕ ಉಣ್ಣುವಂತಿಲ್ಲದ ಮಹಾರಾಜರು ಸೊರಗಿ, ನಡುಪಟ್ಟಿ ಜಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡೇ ರಾಜ್ಯಭಾರ ಮಾಡುತ್ತಿದ್ದರು.

ಆ ದಿನಗಳಲ್ಲಿ ಹಿತಪುರದಲ್ಲಿ ಹಸಿದು ಮಲಗಿದವರು ಒಬ್ಬರೂ ಇರಲಿಲ್ಲ, ಔಷಧಿಯಿಲ್ಲದೆ ನರಳಿದವರು ಇರಲಿಲ್ಲ. ಆಸ್ಥಾನ ಇದನ್ನು ಕಾನೂನು ಮತ್ತು ಸುವ್ಯವಸ್ಥೆಯ ಸಮಸ್ಯೆ ಎಂದು ಪರಿಗಣಿಸಿತು.

ತುರ್ತು ಸಭೆ ಸೇರಿತು.

"ಗಣಿತಾನಂದರೇ, ಏನ್ರೀ ಇದು?" ಮಹಾರಾಜರ ದನಿ ಹಸಿವಿನಿಂದ ಸಣ್ಣಗಾಗಿತ್ತು. "ನಿಜವಾಗಿಯೂ ನೂರಕ್ಕೆ ನೂರು ಆಗಿಬಿಟ್ಟಿದೆಯಲ್ಲ!"

"ಕ್ಷಮಿಸಬೇಕು ಪ್ರಭು. ಅನುಷ್ಠಾನದಲ್ಲಿ ಲೋಪವಾಗಿದೆ."

"ಹೋಗಿ ಅಂತ ಹೇಳಿಬಿಡಲೇ?"

"ಹಾಗೆ ಹೇಳಿದರೆ ಪದ್ಧತಿ ಮೀರಿದಂತಾಗುತ್ತೆ, ಪ್ರಭು." ಸಚಿವ ಕಣ್ಣು ಮುಚ್ಚಿದ. ತೆರೆದಾಗ ಮುಖ ಬೆಳಗುತ್ತಿತ್ತು. "ಆದರೆ ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟಮೇಲೆ ಅತಿಥಿ ಎದ್ದು ಹೊರಡಲೇಬೇಕು. ಅದೂ ಪದ್ಧತಿಯೇ. ಬೀಳ್ಕೊಡುಗೆ ಮಹೋತ್ಸವ ಮಾಡೋಣ. ರಾಜ್ಯದ ಅತಿಥಿಗಳನ್ನು ರಾಜ್ಯದ ಗಡಿಯ ತನಕ ಬಿಟ್ಟು ಬರೋಣ. ವಾದ್ಯದ ಸಮೇತ."

ಹಾಗೆಯೇ ಆಯಿತು. ಇಷ್ಟು ಗೌರವದಿಂದ ಜನರನ್ನು ಹೊರಹಾಕಿದ್ದು ಬೇರೆಲ್ಲೂ ನಡೆದಿಲ್ಲ. ನಾಗಸ್ವರ ಊದುತ್ತಿತ್ತು, ಪನ್ನೀರು ಚಿಮುಕಿಸುತ್ತಿದ್ದರು. ಮಹಾರಾಜರೇ ಸ್ವತಃ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಗೂ ಕಾಯಿ ಕೊಟ್ಟರು. ದ್ಯಾವೀರಮ್ಮನ ಸರದಿ ಬಂತು. ಅವಳು ಸೆರಗು ಒಡ್ಡಲಿಲ್ಲ.

"ಕಾಯಿ ಬ್ಯಾಡ ಬುದ್ಧಿ. ಇವ್ರ ಕಾಲು ಕೂಡಾಗಂಟ ಒಂದು ಮೂಲೇಲಿ ಬಿದ್ದಿರ್ತೀವಿ. ವೈದ್ಯರೇ ಅಲ್ಲಾಡ್ಸಬ್ಯಾಡಿ ಅಂದವ್ರೆ."

"ಅಯ್ಯೋ, ಇನ್ನೂ ಇರಿ ಅಂತಲೇ ನಮಗೂ ಆಸೆ," ಎಂದರು ಮಹಾರಾಜರು, ಕಾಯಿಯನ್ನು ಅವಳ ಕೈಗೆ ತುರುಕುತ್ತ. "ಆದರೆ ನಿಮಗೂ ನಿಮ್ಮ ಕೆಲಸ ಕಾರ್ಯ ಇರುತ್ತಲ್ಲ. ನಾವು ಹಿಡಿದಿಟ್ಟುಕೊಳ್ಳೋದು ತಪ್ಪಾಗುತ್ತೆ."

"ನಮಗ್ಯಾವ ಕೆಲಸ ಬುದ್ಧಿ? ನಮ್ಮ ಕೆಲಸನೇ ಮುರ್ದು ಬಿದ್ದದಲ್ಲ."

ಅಷ್ಟರಲ್ಲಿ ಉಗ್ರಾಣದವನು ಬಂದು, ಚಿಕ್ಕಬೋರನ ತೊಡೆಗೆ ಕಟ್ಟಿದ್ದ ಬಿದಿರಿನ ದಬ್ಬೆಗಳನ್ನು ಬಿಚ್ಚತೊಡಗಿದ. ಚಿಕ್ಕಬೋರ ಕಿರುಚಿದ.

"ಏನ್ಲಾ ಮಾಡ್ತಿದೀಯ!" ದ್ಯಾವೀರಮ್ಮ ಅವನ ಕೈ ಹಿಡಿದಳು.

"ಅರಮನೆ ಸಾಮಾನು ಕಣಮ್ಮ. ಹೊರಗೆ ಕಳಿಸೋಂಗಿಲ್ಲ," ಎಂದ ಉಗ್ರಾಣದವನು. ಅವನ ದನಿಯಲ್ಲಿ ನಿಜವಾಗಿಯೂ ಬೇಸರವಿತ್ತು. ಬಿಚ್ಚುವುದನ್ನು ಮಾತ್ರ ಅವನು ನಿಲ್ಲಿಸಲಿಲ್ಲ.

ಮೆರವಣಿಗೆ ಹೊರಟಿತು. ಮಂಚ ದಾರಿಯುದ್ದಕ್ಕೂ ಕುಲುಕಿತು. ಗಡಿಯ ಕಲ್ಲು ದಾಟಿಸಿ, ಆರತಿ ಎತ್ತಿ, ವಾದ್ಯದವರು ಹಿಂದಿರುಗಿದರು. ಪಕ್ಕದ ರಾಜ್ಯದ ಸೈನಿಕರು ದೂರದಿಂದಲೇ ಕೈಯಾಡಿಸಿ ಬರಬೇಡಿ ಎಂದರು. ಅವರಿಗೂ ತಮ್ಮ ನೂರರ ಲೆಕ್ಕ ಕೆಡುವ ಭಯ. ಜನ ಎಲೆ ಅಡಿಕೆ ಅಗಿಯುತ್ತ ಅಲ್ಲೇ ಬಿಸಿಲಲ್ಲಿ ನಿಂತರು. ಎಷ್ಟು ಹೊತ್ತು ನಿಲ್ಲುವುದು? ಮನೆಯಲ್ಲಿ ಹಸು ಕಟ್ಟಿದ್ದವರಿಗೆ ಹಸುವಿನ ಚಿಂತೆ, ಬಟ್ಟೆ ಒಣಹಾಕಿ ಬಂದವರಿಗೆ ಬಟ್ಟೆಯ ಚಿಂತೆ. ಒಬ್ಬೊಬ್ಬರಾಗಿ ತಿರುಗಿ ಹೊರಟರು.

ಬಂದ ದಾರಿಗೆ ಅಡ್ಡಲಾಗಿ ಆಗಲೇ ಒಂದು ಬಿದಿರಿನ ಗೇಟು ಬಿದ್ದಿತ್ತು. ಪಕ್ಕದಲ್ಲಿ ಶಾಮಿಯಾನ, ಮೇಜು, ಮೇಜಿನ ಹಿಂದೆ ಒಬ್ಬ ಅಧಿಕಾರಿ.

ಅದೇ ದಿನ, ಅದೇ ಹೊತ್ತಿಗೆ ಗಡಿಯಾಚೆಯ ಶೃಂಗಸಭೆಯಲ್ಲಿ, ಕಾಯಿ ಹಂಚಿ ಮುಗಿಸಿ ರಥವೇರಿ ಬಂದಿದ್ದ ಮಹಾರಾಜ ಸರ್ವಹಿತವರ್ಧನರು ಎದ್ದು ನಿಂತು, "ನಮ್ಮಲ್ಲಿ ನೂರಕ್ಕೆ ನೂರು," ಎಂದರು. ಸಭೆ ಬೆರಗಾಯಿತು. ಬೀಳ್ಕೊಡುಗೆಯ ಮೆರವಣಿಗೆ ಹೊರಟ ಬೆನ್ನಿಗೇ ತಜ್ಞರ ಸಮಿತಿ ಹಿತಪುರಕ್ಕೆ ಹೋಗಿ ಪರಿಶೀಲಿಸಿತ್ತು. ಬೀದಿಗಳಲ್ಲಿ ಸುರಕ್ಷೆಯಿಲ್ಲದ ಒಬ್ಬನೂ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬೀದಿಗಳಲ್ಲಿ ಯಾರೂ ಇರಲಿಲ್ಲ ಎಂಬುದನ್ನು ವರದಿಯಲ್ಲಿ ಶಾಂತಿ ಸುವ್ಯವಸ್ಥೆ ಎಂಬ ಶೀರ್ಷಿಕೆಯಡಿ ಮೆಚ್ಚಿ ಬರೆದಿದ್ದರು. ರಕ್ಷಾಮುಕುಟ ಮಹಾರಾಜರ ತಲೆಯ ಮೇಲೆ ಕೂತಿತು. ಪಕ್ಕದ ರಾಜರು ಗಣಿತಾನಂದನನ್ನು ಮೂಲೆಗೆ ಕರೆದು, ಸಲಹೆಗಾರನಾಗಿ ಬಂದರೆ ಮೂರು ಪಲ್ಲಕ್ಕಿ ಕೊಡುವುದಾಗಿ ಕಿವಿಯಲ್ಲಿ ಹೇಳಿದರು.

ಗಡಿಯಲ್ಲಿ ದ್ಯಾವೀರಮ್ಮನ ಸರದಿ ಬಂದಿತ್ತು.

"ಭೇಟಿಯ ಉದ್ದೇಶ?" ಎಂದ ಅಧಿಕಾರಿ, ತಲೆ ಎತ್ತದೆ.

"ಮನೇಗೆ ಹೋಗ್ಬೇಕು ಬುದ್ಧಿ."

"ಯಾರ ಮನೆ?"

"ನಮ್ದೇ."

"ತಂಗುವಿಕೆ," ಎಂದ ಅಧಿಕಾರಿ. "ಎಷ್ಟು ದಿನ ಇರ್ತೀರಿ?"

ದ್ಯಾವೀರಮ್ಮ ಗಂಡನ ಕಡೆ ನೋಡಿದಳು. ಅವನ ತೊಡೆ ಮತ್ತೆ ಊದಿಕೊಂಡು, ಕಾಲು ಒಂದು ಪಕ್ಕಕ್ಕೆ ತಿರುಗಿತ್ತು.

"ಸಾಯಾಗಂಟ ಇರ್ತೀವಿ. ಹುಟ್ಟಿದ್ದೂ ಇಲ್ಲೇಯ."

"ಹಾಗಾದರೆ ದೀರ್ಘಾವಧಿ. ಅತಿಥಿಗಳು ತಂಗುವ ಸುಂಕ ಮುಂಗಡ ಕಟ್ಟಬೇಕು."

"ಕೈಲಿ ಈ ಕಾಯಿ ಬಿಟ್ರೆ ಏನೂ ಇಲ್ಲ, ಬುದ್ಧಿ."

ಅಧಿಕಾರಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಹಿಂದಿದ್ದ ರಾಶಿಗೆ ಎಸೆದ. ರಾಶಿ ಆಗಲೇ ಶಾಮಿಯಾನದಷ್ಟು ಎತ್ತರವಾಗಿತ್ತು. "ಇದು ಈ ವಾರಕ್ಕಾಯಿತು. ಉಳಿದದ್ದನ್ನು ವಾರ ವಾರ ಬಂದು ಕಟ್ಟಿ. ಯಜಮಾನರು ದುಡಿಯೋಕೆ ಶುರು ಮಾಡಿದರೆ ಕಷ್ಟವೇನಲ್ಲ."

ದೂರದಲ್ಲಿ ಕಹಳೆ ಮೊಳಗಿತು. ಕಿರೀಟ ಧರಿಸಿದ ಮಹಾರಾಜರ ಮೆರವಣಿಗೆ ಅದೇ ದಾರಿಯಲ್ಲಿ ಊರಿಗೆ ಮರಳುತ್ತಿತ್ತು. ಅಧಿಕಾರಿ ಗಡಬಡಿಸಿ ಎದ್ದು, ರುಮಾಲು ಸರಿಮಾಡಿಕೊಂಡು ಕೂಗಿದ.

"ಎಲ್ಲರೂ ಎದ್ದು ನಿಲ್ಲಿ! ಕೈ ಮುಗೀರಿ! ಯಾರದು ಮಲಗಿರೋದು?"

"ನನ್ ಗಂಡ, ಬುದ್ಧಿ. ನಿಲ್ಲೋಕಾಗಾಕಿಲ್ಲ ಅವ್ರಿಗೆ."

ಅಧಿಕಾರಿ ಮಂಚದ ಕಡೆ ನೋಡಿದ. ಅವನ ಮುಖ ಮೆತ್ತಗಾಯಿತು.

"ಇರಲಿ ಬಿಡಮ್ಮ. ಅತಿಥಿಗಳಿಗೆ ಮಲಗಿಯೇ ನೋಡಲು ಅವಕಾಶ ಇದೆ," ಎಂದ. "ಅದರ ಸುಂಕ ಬೇರೆ."