ಅರವತ್ತು ಅಕ್ಷರಕ್ಕೆ ಮುಗಿದುಹೋದ ಸಮೇತನಹಳ್ಳಿಯ ವಿಳಾಸ

ಶ್ರೀಮಾನ್ ಡೇಟಾಬೇಸ್ ಲೈಬ್ರರಿಯವರ ಸನ್ನಿಧಾನಕ್ಕೆ,
ನಮ್ಮ ಸರ್ವರಿನೊಳಗೆ ಬಿಡಾರ.

ಮಾನ್ಯರೇ,

ಹೊಸಕೋಟೆಯ ಒಂದು ಖಾಸಗಿ ಆಂಬುಲೆನ್ಸ್ ಸೇವೆಯಲ್ಲಿ ಫೋನ್ ಎತ್ತುವ, ಫೋನ್ ಬಾರದ ಹೊತ್ತಿನಲ್ಲಿ ಅಲ್ಲಿನ ಸಾಫ್ಟ್‌ವೇರನ್ನೂ ಬರೆಯುವ ಉಮ್ಮೆ ಹಬೀಬಾ ಎಂಬ ನಾನು ತಮಗೆ ಸಲಾಮು ಸಲ್ಲಿಸುತ್ತೇನೆ. ತಾವು ಕ್ಷೇಮವೆಂದು ಬಲ್ಲೆ. ಕೆಡುವುದೆಲ್ಲ ಬೇರೆಯವರ ಆರೋಗ್ಯವೇ. ತಮ್ಮ ಪರಿಚಯವಿಲ್ಲದ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ: ನನ್ನ ಪ್ರೋಗ್ರಾಮಿಗೂ ಮಾಹಿತಿ ಕೂಡಿಡುವ ಡೇಟಾಬೇಸಿಗೂ ನಡುವೆ ನಿಂತು, ಇಲ್ಲಿಯ ಮಾತನ್ನು ಅಲ್ಲಿಗೆ, ಅಲ್ಲಿಯದನ್ನು ಇಲ್ಲಿಗೆ ಮುಟ್ಟಿಸಲೆಂದು ಯಾರೋ ಪುಣ್ಯಾತ್ಮರು ಬರೆದಿಟ್ಟ ಸಿದ್ಧ ಕೋಡಿನ ಕಂತೆಯೇ ತಾವು.

ಕಳೆದ ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಸಮೇತನಹಳ್ಳಿಯಿಂದ ಮಮತ ಎಂಬಾಕೆ ಫೋನ್ ಮಾಡಿ, "ಅಕ್ಕಾ, ನಮ್ಮತ್ತೆ ಸಪ್ಪಲಮ್ಮ ಹಾಲ್ ಕರೀತಾ ಕೂತಿದ್ದೋರು ಹಂಗೇ ವಾಲ್ಕೊಂಡ್ಬಿಟ್ರು, ಬಾಯಿ ಸೊಟ್ಟಗಾಗೈತೆ, ಬೇಗ ಗಾಡಿ ಕಳ್ಸಿ" ಎಂದರು. ವಿಳಾಸ ಕೇಳಿದೆ. ನಮ್ಮ ಕಡೆ ವಿಳಾಸ ಹೇಳುವ ಕ್ರಮ ತಮಗೆ ತಿಳಿದಿರಲಾರದು. ಮೊದಲು ಮನೆ ಯಜಮಾನರ ಹೆಸರು, ಆಮೇಲೆ ಅವರ ಅಪ್ಪನದು, ಊರು, ಅಂಚೆ, ಹೋಬಳಿ, ತಾಲ್ಲೂಕು, ಇಷ್ಟೆಲ್ಲ ಆದ ಮೇಲೆ ಉಸಿರು ತೆಗೆದುಕೊಂಡು ನಿಜವಾಗಿ ಬೇಕಾದ ಮಾತು. ಮಮತ ಕೂಡ "ಕೊಂಡಪ್ಪ ಬಿನ್ ಲೇಟ್ ಆದಿನಾರಾಯಣಪ್ಪ" ಎಂದು ಶುರುಮಾಡಿ, ತಾಲ್ಲೂಕು ಮುಟ್ಟಿ, ಕೊನೆಗೆ "ಊರೊಳಗಿನ್ ಮನೆ ಅಲ್ಲಕ್ಕಾ, ಕೆರೆ ಆಚೆ ತೋಟದ್ ಮನೆ" ಎಂದರು. ಅಷ್ಟನ್ನೂ ಟೈಪ್ ಮಾಡಿದೆ.

ಡೇಟಾಬೇಸಿನಲ್ಲಿ ವಿಳಾಸಕ್ಕೆಂದು ನಾನಿಟ್ಟಿದ್ದ ಜಾಗ ಅರವತ್ತು ಅಕ್ಷರದ್ದು. ಅದು ತಾಲ್ಲೂಕಿನವರೆಗೆ ಇಟ್ಟುಕೊಂಡು ತೋಟದ ಮನೆಯನ್ನು ಕತ್ತರಿಸಿ ಎಸೆಯಿತು. ಎಸೆಯುವಾಗ, ಪಾಪ, "ಹುಷಾರು, ಕತ್ತರಿಸಿದ್ದೇನೆ" ಎಂದು ತಮ್ಮ ಕಿವಿಯಲ್ಲಿ ಎಚ್ಚರಿಕೆಯನ್ನೂ ಹೇಳಿತು. ತಾವು ನನಗೆ ಹೇಳಿದ್ದು ಮಾತ್ರ "ಯಶಸ್ವಿಯಾಗಿ ಉಳಿಸಲಾಗಿದೆ".

ತಮ್ಮ ಈ ಸೌಜನ್ಯವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ತಾವು ಆಬ್ಜೆಕ್ಟ್ ಓರಿಯೆಂಟೆಡ್ ಕುಲದವರು, ತಮ್ಮ ಮನೆಯಲ್ಲಿ ಎಲ್ಲವೂ ಒಂದೊಂದು ಆಬ್ಜೆಕ್ಟ್, ಅಂದರೆ ತನ್ನದೇ ಗುಣ, ಕೆಲಸಗಳಿರುವ ಒಂದೊಂದು ವಸ್ತು. ಬಂದ ಎಚ್ಚರಿಕೆಯನ್ನೂ ತಾವು ಆಬ್ಜೆಕ್ಟ್ ಮಾಡಿ, ಅದಕ್ಕೆ ಸಂಖ್ಯೆ ಕೊಟ್ಟು, ಸಂದೇಶ ತೊಡಿಸಿ, ಒಳಕೋಣೆಯಲ್ಲಿ ಕೂರಿಸಿ, ಯಾರಾದರೂ ಬಂದು "ಎಚ್ಚರಿಕೆ ಏನಾದರೂ ಇದೆಯೇ ಸ್ವಾಮಿ" ಎಂದು ಕೇಳಲಿ ಎಂದು ಕಾಯುತ್ತೀರಿ. ಕೇಳದಿದ್ದರೆ ಹೇಳುವುದಿಲ್ಲ. ಮುಂದಿನ ಕೆಲಸ ಬಂದ ಕೂಡಲೇ ಹಿಂದಿನ ಎಚ್ಚರಿಕೆಯನ್ನು ಗುಡಿಸಿ ಹಾಕಿ ಮನೆ ಚೊಕ್ಕಟ ಮಾಡುತ್ತೀರಿ. ಬೆಂಕಿ ಬಿದ್ದ ಮನೆಯ ಪಕ್ಕದವರು ಹೀಗೆ ಇದ್ದರೆ ನಾವು ಅವರನ್ನು ಮಾತಾಡಿಸುವುದಿಲ್ಲ. ತಮ್ಮಲ್ಲಿ ಇದಕ್ಕೆ ಒಳ್ಳೆಯ ವಿನ್ಯಾಸವೆಂದು ಹೆಸರಂತೆ.

ನಮ್ಮ ಚಾಲಕ ಗುರು ಪರದೆಯಲ್ಲಿ ಕಂಡ ವಿಳಾಸ ನಂಬಿ ಊರೊಳಗಿನ ಮನೆಗೆ ಹೋದರು. ಬಾಗಿಲಿಗೆ ಬೀಗ. ಗಾಡಿ ಬರಲಿಲ್ಲವೆಂದು ಮಮತ ಅಳುತ್ತಾ ಮತ್ತೆ ಫೋನ್ ಮಾಡಿದಾಗ ನಾನು ತೋಟದ ಮನೆ ಎಂಬುದನ್ನೇ ಮೊದಲಿಗೆ ಬರೆದು ವಿಳಾಸ ತಿದ್ದಿದೆ. ಅಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಸಪ್ಪಲಮ್ಮ ಬದುಕಿದ್ದಾರೆ, ಆದರೆ ಹಾಲು ಕರೆಯುವ ಬಲಗೈ ಮೇಲೇಳುತ್ತಿಲ್ಲ. ಆಸ್ಪತ್ರೆಯಲ್ಲಿ ಅವರನ್ನು ನೋಡಿ ಬಂದ ಮೇಲೆ ನನಗೆ ಅನ್ನ ಸೇರುತ್ತಿಲ್ಲ.

ನಾನು ತಿದ್ದಿದ್ದರಿಂದ ಈಗ ದಾಖಲೆಯಲ್ಲಿ ತೋಟದ ಮನೆ ಎಂದೇ ಇದೆ. ತಿದ್ದಿದ ಆ ಕ್ಷಣವೇ ತಾವು ಹಳೆಯ ಎಚ್ಚರಿಕೆಯನ್ನು ಗುಡಿಸಿ ಹಾಕಿದ್ದೀರಿ. ಆದ್ದರಿಂದ ನಮ್ಮ ಮಾಲೀಕ ಅಶೋಕ್ ಅವರು, ಸರಿಯಾದ ವಿಳಾಸವಿದ್ದರೂ ಬೇರೆಲ್ಲೋ ಅಲೆದ ತಪ್ಪಿಗೆ ಕೆಲಸದಿಂದ ಏಕೆ ತೆಗೆಯಬಾರದೆಂದು ಗುರು ಅವರಿಗೆ ನೋಟಿಸ್ ಕೊಟ್ಟಿದ್ದಾರೆ. ಸೋಮವಾರದೊಳಗೆ ಉತ್ತರ ಕೊಡಬೇಕು. "ಬಿಡಕ್ಕಾ, ನನ್ ಮಾತು ಯಾರ್ ಕೇಳ್ತಾರೆ" ಎಂದಷ್ಟೇ ಹೇಳಿ ಅವರು ಗಾಡಿಯ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಆದ್ದರಿಂದ ತಾವು ದಯಮಾಡಿ ಸೋಮವಾರ ಹತ್ತು ಗಂಟೆಗೆ ಅಶೋಕ್ ಅವರ ಕೋಣೆಗೆ ಖುದ್ದಾಗಿ ಬಂದು, ಗುರು ಅವರ ಪಕ್ಕದಲ್ಲಿ ನಿಂತು, "ನನಗೆ ಗೊತ್ತಿತ್ತು, ಹೇಳಲಿಲ್ಲ" ಎಂಬ ಮೂರು ಪದ ನುಡಿಯಬೇಕು. ಬಿಡುವಾದರೆ ಹಾಗೆಯೇ ಆಸ್ಪತ್ರೆಗೂ ಬಂದು, ಸಪ್ಪಲಮ್ಮನವರ ಬಲಗೈಗೆ ತಮ್ಮ ಕುಲದ ಪದ್ಧತಿಯಂತೆ ಕ್ಲಾಸ್ ಎಂಬ ಒಂದು ಅಚ್ಚು ಬರೆದು, ಅದರಲ್ಲಿ ಕೈ ಎತ್ತುವ ಕೆಲಸಕ್ಕೆ ಮೆಥಡ್ ಎಂಬ ಒಂದು ವಿಧಾನ ಇಟ್ಟು, ಅದನ್ನು ಒಂದೇ ಒಂದು ಸಲ ನಡೆಸಿ ತೋರಿಸಬೇಕಾಗಿ ಪ್ರಾರ್ಥನೆ.

ತಮ್ಮ "ಯಶಸ್ವಿ"ಯನ್ನು ಇಷ್ಟು ದಿನ ನಂಬಿದ,
ತಮ್ಮ ವಿಶ್ವಾಸಿ,
ಉಮ್ಮೆ ಹಬೀಬಾ

ತಾ.ಕ.: ಎಚ್ಚರಿಕೆ ಬಂದರೆ ಕೆಲಸ ನಿಲ್ಲಿಸಿ ಕೂಗಿಕೊಳ್ಳುವ ಸೆಟ್ಟಿಂಗ್ ತಮ್ಮಲ್ಲಿದೆ ಎಂದು ತಾವು ವಾದಿಸಬಹುದು. ನಿಜ, ಇದೆ. ಮೊದಲ ವಾರ ಅದನ್ನು ಹಾಕಿಯೇ ಇದ್ದೆ, ದಿನಕ್ಕೆ ಹತ್ತು ಸಲ ಪರದೆ ಕೆಂಪಾಗುತ್ತಿತ್ತು. "ನೋಡ್ದೋರ್ ಏನನ್ಕೋತಾರಮ್ಮಾ, ತೆಗ್ದಾಕ್ಬಿಡಿ" ಎಂದವರು ಅಶೋಕ್. ತೆಗೆದು ಹಾಕಿದವಳು ನಾನು. ಆ ಬದಲಾವಣೆಯ ದಿನಾಂಕವೂ ನನ್ನ ಹೆಸರೂ ಕೋಡಿನ ಇತಿಹಾಸದಲ್ಲಿ ಹಾಗೆಯೇ ಇವೆ. ಅದರ ಪ್ರತಿಯನ್ನು ಗುರು ಅವರ ಉತ್ತರಕ್ಕೆ ಲಗತ್ತಿಸಿ, ಅಂದು ತೋಟದ ಮನೆ ಕತ್ತರಿಸಿಹೋಗಿತ್ತೆಂದು ಬರೆದು ಕೆಳಗೆ ಸಹಿ ಹಾಕಿ, ಇವತ್ತೇ ಅಶೋಕ್ ಅವರಿಗೆ ಕೊಟ್ಟು ಬಂದೆ. ನನ್ನನ್ನು ಯಾರೂ ಕೇಳಿರಲಿಲ್ಲ.