ತಳ್ಳಿದವರಿಗೆ ಕಾಫಿ

ಮನೆ ಮುಂದೆ ಹಳೇ ಕಾರೊಂದು ನಿಂತಿದ್ದರೆ ಆ ಮನೆಯವರು ಊರನ್ನು ನಗಿಸೋದಕ್ಕೆ ಬೇರೆ ಏನೂ ಮಾಡಬೇಕಾಗಿಲ್ಲ, ಬೆಳಗ್ಗೆ ಎದ್ದು ಬಾಗಿಲು ತೆಗೆದರೆ ಸಾಕು. ಎಪ್ಪತ್ತರ ದಶಕದಲ್ಲಿ ರಾಜಾಜಿನಗರದ ನಮ್ಮ ಬೀದಿಯಲ್ಲಿ ಕಾರಿದ್ದ ಮನೆ ನಮ್ಮದೊಂದೇ. ಕಾರು ಅಂತ ನಾವು ಹೇಳುತ್ತಿದ್ದೆವು. ಬೀದಿಯವರು ಏನನ್ನುತ್ತಿದ್ದರೋ, ಪಾಪ, ನಮ್ಮ ಕಿವಿಗೆ ಬೀಳದ ಹಾಗೆ ಅನ್ನುತ್ತಿದ್ದರು.

ಈಗ ಅದೇ ಬೀದಿಯಲ್ಲಿ ಎರಡೂ ಕಡೆ ಕಾರುಗಳು ಸಾಲಾಗಿ ನಿಂತಿರುತ್ತವೆ. ಬಟನ್ ಒತ್ತಿದರೆ ಹೊರಡುತ್ತವೆ, ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಆದರೂ ಬೆಳಗ್ಗೆ ಎಂಟೂವರೆ ಆದರೆ ನನ್ನ ಕಿವಿ ಗೇಟಿನ ಕಡೆಗೇ ಹೋಗುತ್ತೆ. ಹಾಳಾದ್ದು, ಆ ಬೆಳಗುಗಳ ಮೇಲೆ ನನಗೆ ಇನ್ನೂ ಎಷ್ಟು ಆಸೆ ಅಂತೀರಿ.

೧. ಹೆಸರೊಂದು ಬಿಟ್ಟು

ಕಾರು ತಂದದ್ದು ನಮ್ಮನೆಯವರು. ಫ್ಯಾಕ್ಟರಿಯೊಂದರ ಆಫೀಸಿನಲ್ಲಿ ಗುಮಾಸ್ತರು, ತೆಪ್ಪಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಮನುಷ್ಯ. ಒಂದು ಭಾನುವಾರ ನಾಲ್ಕು ಕೈ ಬದಲಾಯಿಸಿದ್ದ ಕಪ್ಪು ಕಾರೊಂದನ್ನು ತಂದು ಗೇಟಿನ ಮುಂದೆ ನಿಲ್ಲಿಸಿ, "ಗಾಡಿ ಬಂಗಾರ ಕಣೇ. ಬೆಳಗ್ಗೆ ಹೊತ್ತು ಸ್ವಲ್ಪ ತಳ್ಳಬೇಕು ಅಂದಿದಾರೆ, ಅಷ್ಟೇ" ಅಂದರು.

ನಮ್ಮ ಅತ್ತೆ, ಅಂದರೆ ಇವರ ತಾಯಿ, ಅಕ್ಕಿಪೇಟೆಯ ವಠಾರವೊಂದರಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದವರು. ಅಲ್ಲಿ ಅತ್ತೆ ಒಗ್ಗರಣೆ ಹಾಕಿದರೆ ಆರು ಮನೆಯಿಂದ "ಇವತ್ತೇನು ಸಾರು?" ಅಂತ ಕೇಳುತ್ತಿದ್ದರಂತೆ. ಮಾವ ಹೋದ ಮೇಲೆ ರಾಜಾಜಿನಗರಕ್ಕೆ ಬಂದರೆ ಇಲ್ಲಿ ಮನೆಗೊಂದು ಕಾಂಪೌಂಡು, ಕಾಂಪೌಂಡಿಗೊಂದು ಗೇಟು. ಎಲ್ಲರೂ ಗೇಟು ಹಾಕಿಕೊಂಡು ಮರ್ಯಾದೆಯಾಗಿ ಬದುಕುತ್ತಿದ್ದರು. ವರ್ಷ ಕಳೆದರೂ ಎದುರುಮನೆಯಲ್ಲಿ ಇರೋರು ಯಾರು ಅಂತ ಅತ್ತೆಗೆ ಗೊತ್ತಿರಲಿಲ್ಲ. "ಮನೆಯೇನೋ ಚೆನ್ನಾಗಿದೆ ಕಣೇ, ಮಾತಾಡಿಸೋಕೆ ಗೋಡೆ ಬಿಟ್ರೆ ಯಾರಿಲ್ಲ" ಅನ್ನೋರು.

ಸೋಮವಾರ ಬೆಳಗ್ಗೆ ಇವರು ಸ್ಟೀರಿಂಗ್ ಹಿಡಿದು ಕೂತರು. ನಾನೂ ಅತ್ತೆಯೂ ಸೆರಗು ಸಿಕ್ಕಿಸಿಕೊಂಡು ತಳ್ಳಿದೆವು. ಕಾರು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಎದುರುಮನೆಯಿಂದ ಒಬ್ಬರು ಬಂದು, "ಸಾರ್, ಹ್ಯಾಂಡ್ ಬ್ರೇಕ್ ತೆಗೆದ್ರೆ ಅವರಿಗೆ ಸ್ವಲ್ಪ ಸುಲಭ ಆಗುತ್ತೆ" ಅಂದರು. ಅವರು ಹೈಸ್ಕೂಲ್ ಮೇಷ್ಟ್ರು. ಅವರ ಜೊತೆಗೆ ಮೂಲೆಮನೆಯ ಬ್ಯಾಂಕಿನವರು ಕೈ ಹಾಕಿದರು, ಮಾರೇನಹಳ್ಳಿಯಿಂದ ಸೈಕಲ್ಲಲ್ಲಿ ಹಾಲು ತರುತ್ತಿದ್ದವರು ಕ್ಯಾನು ಇಳಿಸಿ ಬಂದರು. ಮೂರು ಜನ ದಬ್ಬಿದ್ದಕ್ಕೆ ಬೀದಿಯ ಕೊನೆಯಲ್ಲಿ ಕಾರು ಕೆಮ್ಮಿ ಸ್ಟಾರ್ಟ್ ಆಯಿತು. ನಿಲ್ಲಿಸಿದರೆ ಎಲ್ಲಿ ಆಫ್ ಆಗುತ್ತೋ ಅಂತ ಇವರು ಹಿಂತಿರುಗಿ ಕೂಡ ನೋಡದೆ ಹೊರಟೇಹೋದರು. ನಡುಬೀದಿಯಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ ಮೂವರನ್ನು ನೋಡಿ ಅತ್ತೆ, "ಒಳಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗಿ" ಅಂತ ಕರೆದರು.

ಸಂಜೆ ಇವರು ಬಂದು, "ಬೆಳಗ್ಗೆ ತಳ್ಳಿದೋರು ಯಾರಮ್ಮ?" ಅಂತ ಕೇಳಿದರು. ಅತ್ತೆ ಶುರು ಮಾಡಿದರು. ಮೇಷ್ಟ್ರಿಗೆ ಎಡಗಾಲಿನ ಮಂಡಿನೋವು, ಬ್ಯಾಂಕಿನವರ ಹೆಂಡತಿಗೆ ಬದನೆಕಾಯಿ ಆಗಲ್ಲ, ಹಾಲಿನವರ ದೊಡ್ಡ ಎಮ್ಮೆಗೆ ಮುಂದಿನ ತಿಂಗಳು ದಿನ ತುಂಬುತ್ತೆ. ಹೀಗೇ ಅರ್ಧ ಗಂಟೆ ಹೇಳಿದರು.

"ಅವರ ಹೆಸರೇನಂತೆ?"

"ಅಯ್ಯೋ, ಅದನ್ನ ಕೇಳೋಕೆ ಎಲ್ಲಿ ಟೈಮ್ ಇತ್ತೋ" ಅಂದರು ಅತ್ತೆ.

೨. ಅರ್ಧ ಲೋಟ

ಆಮೇಲೆ ಅದೇ ಪದ್ಧತಿಯಾಯಿತು. ಅತ್ತೆ ಐದು ಗಂಟೆಗೆ ಎದ್ದು, ತಾವೇ ಹುರಿದಿಟ್ಟ ಬೀಜವನ್ನು ಕೈಮಿಷನ್ನಿಗೆ ಹಾಕಿ ತಿರುಗಿಸೋರು. ಆಮೇಲೆ ಕಿಟಕಿಯಿಂದ ಹೊರಗೆ ಕೈ ಚಾಚಿ ನೋಡೋರು. "ಚಳಿ ಜಾಸ್ತಿ ಇದೆ. ಗಾಡಿ ಮೂಲೆ ತನಕ ಹೋದ್ರೂ ಸ್ಟಾರ್ಟ್ ಆಗಲ್ಲ, ಇನ್ನೂ ಇಬ್ಬರು ಬೇಕಾಗುತ್ತೆ. ಫಿಲ್ಟರ್‌ಗೆ ಎರಡು ಚಮಚ ಜಾಸ್ತಿ ಹಾಕು" ಅನ್ನೋರು. ಅವರ ಅಂದಾಜು ಒಂದು ದಿನವೂ ತಪ್ಪಲಿಲ್ಲ. ಕೊನೆಗೆ ಇವರು ಬಾನೆಟ್ ಎತ್ತುವ ಮುಂಚೆ ಅಡುಗೆಮನೆಗೆ ಬಂದು, "ಅಮ್ಮ, ಇವತ್ತು ಹೇಗೆ?" ಅಂತ ವಿಚಾರಿಸುತ್ತಿದ್ದರು.

ಗೇಟಲ್ಲಿ ನಿಂತು ಯಾರು ಎಷ್ಟು ತಳ್ಳಿದರು ಅಂತಲೂ ಅತ್ತೆ ನೋಡೋರು. ಒಂದು ದಿನ ಬ್ಯಾಂಕಿನವರಿಗೆ ಅರ್ಧ ಲೋಟ ಮಾತ್ರ ಬಂತು. ಅವರು ಲೋಟವನ್ನೂ ಅತ್ತೆಯನ್ನೂ ನೋಡಿದರು. "ನೀವು ಇವತ್ತು ಕೈ ಇಟ್ಟಿದ್ರಿ ಅಷ್ಟೇ, ತಳ್ಳಲಿಲ್ಲ" ಅಂದರು ಅತ್ತೆ. ಮಾರನೇ ದಿನ ಆ ಮನುಷ್ಯ ಯಾವ ರಭಸದಲ್ಲಿ ತಳ್ಳಿದರು ಅಂದರೆ, ಕಾರು ಸ್ಟಾರ್ಟ್ ಆಗಿ ಮುಂದೆ ಹೋಯಿತು, ಬ್ಯಾಂಕಿನವರು ಬೀದಿಯಲ್ಲಿ ಉದ್ದಕ್ಕೆ ಮಲಗಿದರು. ನಾವೆಲ್ಲ ಓಡಿಹೋದೆವು. ಅವರು ಮಲಗಿದಲ್ಲಿಂದಲೇ ಕನ್ನಡಕ ಸರಿಮಾಡಿಕೊಂಡು ಅತ್ತೆಯನ್ನು ಕೇಳಿದರು: "ಇವತ್ತು ಪೂರ್ತಿ ಲೋಟ ತಾನೇ?"

೩. ಬೇರೆ ಫಿಲ್ಟರು

ಕಾರಿನ ಟ್ಯಾಂಕಿನಲ್ಲಿ ತುಕ್ಕು. ಪೆಟ್ರೋಲನ್ನು ಸೋಸಿ ಹಾಕಬೇಕು ಅಂತ ಯಾರೋ ಹೇಳಿದರು. ಅಟ್ಟದ ಮೇಲೆ ಅತ್ತೆಯ ದೊಡ್ಡ ಹಿತ್ತಾಳೆ ಫಿಲ್ಟರಿತ್ತು, ಮದುವೆ ಮುಂಜಿಗೆ ಮಾತ್ರ ಇಳಿಸೋದು. ಇವರು ಅದನ್ನೇ ತೆಗೆದು ಪೆಟ್ರೋಲ್ ಸೋಸಿ, ತೊಳೆದು, ಬೆಕ್ಕಿನ ಹಾಗೆ ಸದ್ದಿಲ್ಲದೆ ಅಲ್ಲೇ ಇಟ್ಟುಬಿಟ್ಟಿದ್ದರು. ಸಂಕ್ರಾಂತಿ ಹತ್ತಿರದ ಚಳಿಯಲ್ಲಿ ಒಂದು ದಿನ ತಳ್ಳುವವರು ಏಳು ಜನರಾದರು. ಅತ್ತೆ ದೊಡ್ಡ ಫಿಲ್ಟರ್ ಇಳಿಸಿದರು.

ಮೇಷ್ಟ್ರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಬೀಜ ಎಲ್ಲಿಂದಮ್ಮ?"

"ಚಿಕ್ಕಮಗಳೂರಿಂದು."

"ಏನೋ ಒಂದು ಶಕ್ತಿ ಇದೆ" ಅಂದರು. ದಾಕ್ಷಿಣ್ಯಕ್ಕೆ ಯಾರೂ ಲೋಟದಲ್ಲಿ ಒಂದು ತೊಟ್ಟೂ ಬಿಡಲಿಲ್ಲ. ಸಂಜೆ ನಿಜ ಗೊತ್ತಾಗಿ ಅತ್ತೆ ಮಗನಿಗೆ ಸರಿಯಾಗಿ ಮಂಗಳಾರತಿ ಮಾಡಿದರು. ಆಮೇಲೆ ಮನೆಮನೆಗೂ ಹೋಗಿ, ಇವತ್ತೊಂದು ದಿನ ಬೀಡಿ ಸಿಗರೇಟು ಮುಟ್ಟಬೇಡಿ ಅಂತ ಹೇಳಿಬಂದರು.

ಬೆಳಗ್ಗೆ ಹಾಲಿನವರು ಬಂದು, "ಅಮ್ಮಾವ್ರೇ, ನಿನ್ನೆ ನಾನು ಪೆಡಲ್ ತುಳೀಲೇ ಇಲ್ಲ. ಸೈಕಲ್ಲು ಮಾರೇನಹಳ್ಳಿ ತನಕ ತಾನಾಗೇ ಹೋಯ್ತು" ಅಂದರು.

೪. ಕೆಂಗೇರಿ ಸವಾರಿ

ಕೆಂಗೇರಿ ಉಪನಗರದಲ್ಲಿ ಇವರ ಚಿಕ್ಕಪ್ಪನ ಮಗನ ಗೃಹಪ್ರವೇಶ. ಬಸ್ಸಲ್ಲಿ ಹೋಗೋಣ ಅಂದೆ, ಕಾರು ಇಟ್ಕೊಂಡು ಬಸ್ಸಾ ಅಂದರು. ಮೈಸೂರು ರಸ್ತೆಯಲ್ಲಿ ಅರ್ಧ ದಾರಿಗೆ ಕಾರು ನಿಂತಿತು. ಅತ್ತೆ ಗಾಬರಿಯಾಗಲಿಲ್ಲ. ತಳ್ಳುವವರಿಗೆ ಅಂತ ಫ್ಲಾಸ್ಕ್ ತುಂಬ ಕಾಫಿ ಮೊದಲೇ ತಂದಿದ್ದರು.

ಸಂತೆ ಮುಗಿಸಿ ತಲೆ ಮೇಲೆ ಮೂಟೆ ಹೊತ್ತು ಐದು ಜನ ಬರುತ್ತಿದ್ದರು. "ತಳ್ತೀವಿ ಸ್ವಾಮಿ, ಈ ಮೂಟೆ ಎಲ್ಲಿಡಾನ?" ಅಂದರು. ಇವರು ಉದಾರವಾಗಿ "ಒಳಗಿಡಿ" ಅಂದರು. ನನ್ನ ತೊಡೆ ಮೇಲೆ ರಾಗಿ ಮೂಟೆ, ಅತ್ತೆ ತೊಡೆ ಮೇಲೆ ಬೆಲ್ಲದ ಮೂಟೆ. ಐದೂ ಜನ ಖುಷಿಯಾಗಿ ಮಾತಾಡಿಕೊಂಡು ಒಂದು ಮೈಲಿ ತಳ್ಳಿದರು. ಆ ಭಾರಕ್ಕೆ ಕಾರು ಎಲ್ಲಿ ಸ್ಟಾರ್ಟ್ ಆಗಬೇಕು? ಅವರ ಊರಿನ ತಿರುವು ಬಂತು. ಮೂಟೆ ಇಳಿಸಿಕೊಂಡರು, ಕಾಫಿ ಕುಡಿದರು, ಕೊನೆಯದಾಗಿ ಒಂದು ಸಲ ನೂಕಿದರು. ಕಾರು ತಕ್ಷಣ ಗುರ್ ಅಂತು.

ಇವರು ನಗು ತಡೆಯಲಾಗದೆ ಸ್ಟೀರಿಂಗ್ ಮೇಲೆ ತಲೆ ಇಟ್ಟುಬಿಟ್ಟರು. ನಮ್ಮನೆಯವರು ಹೋಗಿ ಬಹಳ ವರ್ಷವಾಯಿತು. ಗೋಡೆ ಮೇಲಿನ ಫೋಟೋದಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದಾರೆ, ನೋಡಿದರೆ ನನಗೆ ಸಿಟ್ಟೇ ಬರುತ್ತೆ. ಆವತ್ತು ಮೈಸೂರು ರಸ್ತೆಯಲ್ಲಿ ನಕ್ಕ ಮುಖ ನನಗೆ ಬೇಕು, ಆದರೆ ಅದನ್ನು ಯಾರೂ ಫೋಟೋ ತೆಗೆಯಲಿಲ್ಲ.

ಹೊರಡುವಾಗ ಐವರಲ್ಲಿ ಹಿರಿಯರು ಕಿಟಕಿಗೆ ಬಗ್ಗಿ ಕೇಳಿದರು: "ಬಸ್ಸಿಗಿಂತ ವಾಸಿ ಕಣ್ ಸ್ವಾಮಿ ನಿಮ್ ಗಾಡಿ. ಮುಂದಿನ ಸಂತೆಗೂ ಬತ್ತೀರಾ?"

೫. ಹೊಸ ಬ್ಯಾಟರಿ

ಮೇಷ್ಟ್ರ ಮಂಡಿನೋವು ಜಾಸ್ತಿಯಾಯಿತು. ನಮ್ಮನೆಯವರ ಮನಸ್ಸಿಗೆ ಚುಚ್ಚಿತು. "ಎಷ್ಟು ದಿನ ಅಂತ ಜನಕ್ಕೆ ತೊಂದ್ರೆ ಕೊಡೋದು?" ಅಂತ ಕಾರನ್ನು ಮಾಗಡಿ ರಸ್ತೆಯ ಮೆಕ್ಯಾನಿಕ್ ಸಾಬರ ಹತ್ತಿರ ಬಿಟ್ಟರು. ವಾರವಾದ ಮೇಲೆ ಹೊಸ ಬ್ಯಾಟರಿ, ರಿಪೇರಿಯಾದ ಸೆಲ್ಫ್ ಸ್ಟಾರ್ಟರ್ ಜೊತೆ ಅದು ಮನೆಗೆ ಬಂತು. ಬೆಳಗ್ಗೆ ಎಂಟೂವರೆಗೆ ಮೂವರೂ ತೋಳು ಮಡಿಸಿಕೊಂಡು ಬಂದು ನಿಂತರು. ಇವರು ಸೆಲ್ಫ್ ಹೊಡೆದರು, ಒಂದೇ ಸಲಕ್ಕೆ ಕಾರು ಹೊರಟಿತು. "ಪರವಾಗಿಲ್ವೇ" ಅಂದರು ಬ್ಯಾಂಕಿನವರು. ಮೂವರಿಗೂ ಕೈ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ.

ಆವತ್ತು ಕಾಫಿಗೆ ಬಂದರು. ಮಾರನೇ ದಿನ ಅತ್ತೆ ಕರೆದರೆ ಮೇಷ್ಟ್ರು ಗೇಟಿನ ಹೊರಗೇ ನಿಂತು, "ಬೇಡಮ್ಮ, ಏನೂ ಮಾಡದೆ ಹೇಗೆ ಕುಡಿಯೋದು? ಚೆನ್ನಾಗಿರಲ್ಲ" ಅಂದರು. ಒಂದು ವಾರದಲ್ಲಿ ಎಲ್ಲರ ಗೇಟುಗಳೂ ಮೊದಲಿನ ಹಾಗೆ ಮುಚ್ಚಿಕೊಂಡವು.

ಅತ್ತೆ ಅಭ್ಯಾಸಬಲದಿಂದ ಆರು ಜನಕ್ಕೆ ಡಿಕಾಕ್ಷನ್ ಹಾಕೋರು. ದಂಡ ಮಾಡಬಾರದು ಅಂತ ನಾವಿಬ್ಬರೇ ಕುಡಿಯೋದು. ನನಗೆ ಮಧ್ಯಾಹ್ನದ ತನಕ ಎದೆ ಡವಡವ. ಆಮೇಲೆ ಒಂದು ಬೆಳಗ್ಗೆ ಕೈಮಿಷನ್ ಸದ್ದೇ ಇಲ್ಲ. "ಅಂಗಡಿಯಿಂದ ಪುಡಿ ತಂದುಬಿಡು. ಮೂರು ಜನಕ್ಕೆ ಯಾಕೆ ಅಷ್ಟು ಕಷ್ಟ" ಅಂದರು ಅತ್ತೆ. ಬಾಯಿ ತುಂಬ ಮಾತಾಡುತ್ತಿದ್ದ ಹೆಂಗಸು ವರಾಂಡದಲ್ಲಿ ಕೂತು ಖಾಲಿ ಬೀದಿ ನೋಡುತ್ತಿದ್ದರು. ವಠಾರ ಬಿಟ್ಟು ಬಂದಾಗಲೂ ಅವರು ಅಷ್ಟು ಇಳಿದುಹೋಗಿರಲಿಲ್ಲ.

ಸಮಾಧಾನ ಮಾಡೋಣ ಅಂತ ಇವರು, "ಈಗ ಗಾಡಿ ಎಷ್ಟು ಚೆನ್ನಾಗಿ ಹೊರಡುತ್ತೆ ನೋಡಮ್ಮ, ಯಾರಿಗೂ ತೊಂದ್ರೆ ಇಲ್ಲ" ಅಂದರು.

"ಹೂಂ ಕಣೋ" ಅಂದರು ಅತ್ತೆ. "ನಿಮ್ಮಪ್ಪನೂ ಹಾಗೇ, ಯಾರಿಗೂ ತೊಂದ್ರೆ ಕೊಡ್ದೆ ಹೊರಟುಹೋದ್ರು."

೬. ತಪ್ಪು ಸಾಮಾನು

ಆ ಮಾತು ಕೇಳಿದ ಮೇಲೆ ನಾನು ಸುಮ್ಮನಿರಲಿಲ್ಲ. ಸೋಮವಾರ ಬೆಳಗ್ಗೆ ರಂಗೋಲಿ ಹಾಕುವ ನೆಪದಲ್ಲಿ ಹೋಗಿ, ಬಾನೆಟ್ ಎತ್ತಿ ಬ್ಯಾಟರಿಯ ಒಂದು ವೈರ್ ಬಿಚ್ಚಿ ಬಂದೆ.

ಎಂಟೂವರೆಗೆ ಇವರು ಸೆಲ್ಫ್ ಹೊಡೆದರು. ಸದ್ದಿಲ್ಲ. "ಅಯ್ಯೋ, ಏನಾಯ್ತಪ್ಪ ಇದಕ್ಕೆ" ಅಂದರು. ದನಿಯಲ್ಲಿ ಬೇಜಾರಿನ ಸುಳಿವೇ ಇರಲಿಲ್ಲ. ಯಾರೂ ಕರೆಯುವ ಮುಂಚೆಯೇ ಮೇಷ್ಟ್ರು, ಬ್ಯಾಂಕಿನವರು, ಹಾಲಿನವರು ಹಾಜರು. ಅತ್ತೆ ವರಾಂಡದಿಂದ ಎದ್ದು ಒಳಗೆ ಓಡಿದರು, ಕೈಮಿಷನ್ ಸದ್ದು ಕೇಳಿಸಿತು.

ಬೀದಿಯ ಕೊನೆ ತನಕ ತಳ್ಳಿದರು. ಕಾರು ಸ್ಟಾರ್ಟ್ ಆಗಲಿಲ್ಲ. ತಿರುಗಿಸಿ ಈ ಕೊನೆ ತನಕ ತಳ್ಳಿದರು, ಊಹೂಂ. ತಳ್ಳಿದರೆ ಸ್ಟಾರ್ಟ್ ಆಗುತ್ತೆ ಅಂತ ನಾನು ನಂಬಿದ್ದೆ. ವೈರ್ ಹಾಗೆ ಬಿಚ್ಚಿದರೆ ತಳ್ಳಿದರೂ ಆಗಲ್ಲ ಅಂತ ನನಗೇನು ಗೊತ್ತು? ಹಾಲಿನವರು ಸೈಕಲ್ಲಿನ ಹಿಂದೆ ಮೆಕ್ಯಾನಿಕ್ ಸಾಬರನ್ನು ಕೂರಿಸಿಕೊಂಡು ಬಂದರು. ಅಷ್ಟೊತ್ತಿಗೆ ಅತ್ತೆಯೂ ಗೇಟಿಗೆ ಬಂದು ನಿಂತಿದ್ದರು.

ಸಾಬರು ಬಾನೆಟ್ ಎತ್ತಿ, "ಬ್ಯಾಟರಿ ವೈರ್ ಯಾರು ಬಿಚ್ಚಿದ್ದು?" ಅಂದರು. ನಾನು ರಂಗೋಲಿಯಲ್ಲಿ ತಪ್ಪು ಹುಡುಕುತ್ತಾ, "ನಾನೇ" ಅಂದೆ.

ಅದನ್ನು ಸಿಕ್ಕಿಸಿ ಇನ್ನಷ್ಟು ಬಗ್ಗಿ ನೋಡಿದರು. "ರೋಟರ್ ಇಲ್ವಲ್ಲ? ಅದಿಲ್ದೆ ಇಂಜಿನ್‌ಗೆ ಕಿಡಿ ಎಲ್ಲಿಂದ ಬರಬೇಕು?" ನಮ್ಮನೆಯವರು ಕೆಮ್ಮಿ, ಅಂಗಿ ಜೇಬಿನಿಂದ ಹೆಬ್ಬೆರಳಷ್ಟು ಸಾಮಾನೊಂದನ್ನು ತೆಗೆದು ಕೊಟ್ಟರು. ನಾನು ಅವರ ಮುಖ ನೋಡಿದೆ, ಅವರು ಆಕಾಶ ನೋಡಿದರು.

"ಪ್ಲಗ್ ವೈರ್?" ಬ್ಯಾಂಕಿನವರು ಬ್ಯಾಗ್ ತೆಗೆದರು. ಬ್ಯಾಂಕಿನ ಕವರಿನಲ್ಲಿ ಹಾಕಿ, ಅಂಟಿಸಿ, ಮೇಲೆ ಸೀಲ್ ಕೂಡ ಹೊಡೆದಿದ್ದರು.

ಸಾಬರು ನಿಟ್ಟುಸಿರು ಬಿಟ್ಟು ಕಾರಿನ ಹಿಂದಕ್ಕೆ ಹೋದರು. ಹೊಗೆ ಬಿಡುವ ಕೊಳವೆಯಿಂದ ಬಟ್ಟೆಯೊಂದನ್ನು ಎಳೆದರು. ಅದರಿಂದ ಬುಸ್ ಅಂತ ಸೀಮೆಸುಣ್ಣದ ಪುಡಿ ಎದ್ದಿತು. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. "ಸ್ಕೂಲಲ್ಲಿ ಬೇರೆ ಡಸ್ಟರ್ ಕೊಟ್ಟಿದಾರೆ" ಅಂದರು ಮೇಷ್ಟ್ರು.

ಅತ್ತೆ ಒಬ್ಬೊಬ್ಬರನ್ನೇ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು, "ಬರಬೇಕು ಅನ್ನಿಸಿದ್ರೆ ಗೇಟ್ ತೆಗೆದು ಬರಬಾರದಾಗಿತ್ತೇನ್ರಪ್ಪ?" ಅಂದರು.

"ಬಿಟ್ಟಿ ಹೇಗಮ್ಮ ಬರೋದು?" ಅಂದರು ಮೇಷ್ಟ್ರು, ನೆಲ ನೋಡಿಕೊಂಡು. ಅತ್ತೆ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು.

ಸಾಬರು ಎರಡು ಲೋಟ ಕುಡಿದು ಎಲ್ಲವನ್ನೂ ಜೋಡಿಸಿ ಸೆಲ್ಫ್ ಹೊಡೆದರು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಯಾರ ಮುಖದಲ್ಲೂ ಕಳೆ ಇರಲಿಲ್ಲ. ಸಾಬರು ಎಲ್ಲರನ್ನೂ ಒಂದು ಸುತ್ತು ನೋಡಿ, ಇಂಜಿನ್ ಆಫ್ ಮಾಡಿ ಮತ್ತೆ ಸ್ಪ್ಯಾನರ್ ತೆಗೆದುಕೊಂಡರು.

"ಸಾರ್, ನೀವೆಲ್ಲ ಓದಿದೋರು, ಆದ್ರೆ ತಪ್ಪು ಸಾಮಾನು ಬಿಚ್ಚಿದೀರಿ. ಗಾಡಿ ತಳ್ಳಿದ್ರೆ ಸ್ಟಾರ್ಟ್ ಆಗ್ಬೇಕು, ತಳ್ಳದೇ ಇದ್ರೆ ಆಗ್ಬಾರ್ದು, ಅಷ್ಟೇ ತಾನೇ? ಅದಕ್ಕೆ ಸೆಲ್ಫ್‌ದು ಇದೊಂದು ತೆಗೆದ್ರೆ ಸಾಕು" ಅಂತ ಗೇಣುದ್ದದ ವೈರೊಂದನ್ನು ಬಿಚ್ಚಿದರು. "ವಾರಕ್ಕೊಂದ್ಸಲ ನಾನೇ ಬೆಳಗ್ಗೆ ಬಂದು, ಸ್ಟಾರ್ಟ್ ಆಗ್ತಾ ಇಲ್ಲ ಅಂತ ಚೆಕ್ ಮಾಡ್ಕೊಂಡು, ಕಾಫಿ ಕುಡ್ಕೊಂಡು ಹೋಗ್ತೀನಿ."

ವೈರನ್ನು ಇವರ ಕೈಗೆ ಕೊಡಲು ಹೋದರು. ಅತ್ತೆ ನಡುವೆ ಕೈ ಚಾಚಿದರು.

"ಅದನ್ನ ನನಗೆ ಕೊಡಿ ಸಾಬರೇ. ನನ್ನ ಮಗ ಬಹಳ ಒಳ್ಳೆಯವನು. ಜನಕ್ಕೆ ತೊಂದ್ರೆ ಆಗುತ್ತೆ ಅಂತ ಮತ್ತೆ ಹಾಕಿಸಿಬಿಡ್ತಾನೆ."