ಗಣಕಯಂತ್ರದ ನೆತ್ತಿಯ ಮೇಲೆ ಹಸಿರು ಪೊಟ್ಟಣ

ನಮ್ಮತ್ತೆಗೆ ಒಂದು ವ್ರತವಿದೆ. ಹೊಸ ಸಾಮಾನಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಅವರು ಪ್ರಾಣ ಹೋದರೂ ಕೀಳುವುದಿಲ್ಲ. ನಮ್ಮ ಫ್ರಿಜ್ಜು ಮುದಿಯಾಗಿ ಗೊರಕೆ ಹೊಡೆಯುತ್ತಿದೆ, ಹಾಳೆ ಮಾತ್ರ ಹೊದ್ದುಕೊಂಡೇ ಇದೆ. ರಿಮೋಟಿನ ಹಾಳೆಯೊಳಗೆ ಸೋಯಾ ಸಾಸು ಇಳಿದು ಗುಂಡಿಗಳೇ ಕಾಣವು. "ಕಿತ್ರೆ ಹಳೇದಾಗುತ್ತಪ್ಪ" ಎನ್ನುತ್ತಾರೆ. ಇಂಥ ಅಜ್ಞಾನದ ಕತ್ತಲಲ್ಲಿ ವಿಜ್ಞಾನದ ದೀಪ ಹಿಡಿದು ನಿಂತಿರುವ ಏಕೈಕ ಗಂಡಸು ನಾನು. (ಈ ಮನೆಯಲ್ಲಿ ಗಂಡಸು ಅಂತ ಇರುವುದೇ ನಾನೊಬ್ಬ, ಆ ಮಾತು ಬೇರೆ.)

ನನ್ನ ಭಾಮೈದ ಚೆಂಗ್-ಯೂ ಆಟವಾಡುವ ಕಂಪ್ಯೂಟರೊಂದನ್ನು ಅಂಗಡಿಯಿಂದ ಸಿದ್ಧವಾಗಿಯೇ ತನ್ನ ಮನೆಗೆ ಹೊತ್ತು ತಂದ. ನನಗೆ ನಗು ತಡೆಯಲಾಗಲಿಲ್ಲ. ತೈಪೆಯಲ್ಲಿ ಹುಟ್ಟಿ, ಬೀದಿಗಟ್ಟಲೆ ಬಿಡಿಭಾಗದ ಅಂಗಡಿಗಳಿರುವಾಗ, ಯಾರೋ ಜೋಡಿಸಿದ ಡಬ್ಬ ಕೊಳ್ಳುವುದೇ!

"ಕೈ ಇಲ್ವೇನೋ ನಿಂಗೆ? ನಂದೊಂದನ್ನ ನಾನೇ ಜೋಡಿಸ್ತೀನಿ, ಬಂದು ಕಲ್ತ್ಕೋ" ಎಂದೆ.

ಬಿಡಿಭಾಗ ತಂದು ಜೋಡಿಸಿದೆ. ಅತ್ತೆಯ ಮಸಾಜ್ ಕುರ್ಚಿಗೆಂದು ಬಿಟ್ಟಿದ್ದ ನಡುಮನೆಯ ಮೂಲೆಯಲ್ಲಿ ಪ್ರತಿಷ್ಠಾಪನೆಯನ್ನೂ ಮಾಡಿದೆ. ಆಟ ತೆರೆಯಿತು. ಡ್ರ್ಯಾಗನ್ ಬಾಯಿ ಬಿಟ್ಟಿತು, ಫ್ಯಾನುಗಳು ಬೊಬ್ಬೆ ಹಾಕಿದವು, ಪರದೆ ಕಪ್ಪಾಯಿತು. ಮತ್ತೆ ಹಚ್ಚಿದೆ. ಮತ್ತೆ ಡ್ರ್ಯಾಗನ್, ಬೊಬ್ಬೆ, ಕತ್ತಲೆ.

"ಪಾಪ, ನಿಮ್ಮ ಮುಖ ನೋಡಿ ಡ್ರ್ಯಾಗನ್ನೇ ಹೆದರ್ಕೊಳ್ತು" ಎಂದಳು ಹೆಂಡತಿ ಪೇ-ಯೂನ್. "ನೋಡಿ, ಭಾನುವಾರ ತಮ್ಮ ಊಟಕ್ಕೆ ಬರ್ತಾನೆ. ಅವನೆದುರಿಗೆ ಇದು ಓಡಿದ್ರೆ ಮೂಲೆ ನಿಮ್ದು. ಇಲ್ದಿದ್ರೆ ಅಮ್ಮನ ಕುರ್ಚಿ ಬರುತ್ತೆ."

"ದೋಷ ನನ್ನ ಯಂತ್ರದ್ದಲ್ಲ ಕಣೇ. ನಿಮ್ಮಮ್ಮ ಹಗಲೂ ರಾತ್ರಿ ಹಾಕಿರ್ತಾರಲ್ಲ, ಆ ತೇವ ಹೀರೋ ಮಷೀನು, ಅದು ಕರೆಂಟೆಲ್ಲ ಕುಡೀತಿದೆ!"

ಅದನ್ನು ಆರಿಸಿದೆ. ಪರದೆ ಕಪ್ಪಾಗುವುದು ನಿಲ್ಲಲಿಲ್ಲ. ಬೀರುವಿನಲ್ಲಿದ್ದ ಪೇ-ಯೂನಳ ಚರ್ಮದ ಬೂಟಿಗೆ ಮಾತ್ರ ಹಸಿರು ಬೂಷ್ಟು ಬಂತು. (ಆ ಸಂಜೆ ನಮ್ಮ ಮನೆಯಲ್ಲಿ ನಡೆದ ಸಂಭಾಷಣೆಯನ್ನು ಅಚ್ಚು ಹಾಕುವಂತಿಲ್ಲ.) ಮೆಮೊರಿ ಪಟ್ಟಿಗಳನ್ನು ಅದಲು ಬದಲು ಮಾಡಿದೆ. ತಂತ್ರಾಂಶವನ್ನೆಲ್ಲ ಅಳಿಸಿ ಹೊಸದಾಗಿ ತುಂಬಿದೆ. ಊಹೂಂ.

ಶನಿವಾರ ನೋಡುತ್ತೇನೆ, ಯಂತ್ರದ ನೆತ್ತಿಯ ಮೇಲೆ ಜೋಳದ ಕುರುಕಲಿನ ಒಂದು ಹಸಿರು ಪೊಟ್ಟಣ! ನಮ್ಮೂರಲ್ಲಿ ಬ್ಯಾಂಕಿನ ಯಂತ್ರದಿಂದ ಆಸ್ಪತ್ರೆಯ ಯಂತ್ರದವರೆಗೆ ಎಲ್ಲದರ ಮೇಲೂ ಇದನ್ನಿಡುತ್ತಾರೆ, ಹಠ ಮಾಡದಿರಲಿ ಎಂದು. ಹಸಿರೇ ಆಗಬೇಕು, ಹಳದಿ ಇಟ್ಟರೆ ಯಂತ್ರ ಮುನಿಯುತ್ತದಂತೆ.

"ಅತ್ತೆ, ಇದು ವಿಜ್ಞಾನ. ಇದಕ್ಕೆ ತಿಂಡಿ ಆಸೆ ತೋರಿಸಿದ್ರೆ ಆಗಲ್ಲ" ಎಂದೆ.

"ವಿಜ್ಞಾನ ಮಾಡೋದು ಮಾಡಪ್ಪ. ಪೊಟ್ಟಣ ಅದರ ಪಾಡಿಗೆ ಅದಿರ್ಲಿ" ಎಂದರು ಅತ್ತೆ.

ಭಾನುವಾರ ಹೆಂಗಸರು ಮಾರುಕಟ್ಟೆಗೆ ಹೋದಾಗ ಕೊನೆಯ ಪ್ರಯತ್ನವೆಂದು ಯಂತ್ರದ ಹೊಟ್ಟೆ ಬಗೆದೆ. ಪ್ರೊಸೆಸರಿನ ತಲೆ ತಂಪಾಗಿಡಲು ಮೇಲೆ ಕೂರಿಸುವ ಕೂಲರನ್ನು ಎತ್ತಿ, ತಿರುಗಿಸಿ ನೋಡಿದೆ. ಅದರ ತಳದಲ್ಲಿ ಮಿರಿಮಿರಿ ಮಿಂಚುತ್ತಾ ಅಂಟಿಕೊಂಡಿತ್ತು, ಪ್ಲಾಸ್ಟಿಕ್ ಹಾಳೆ! ಬಡಪಾಯಿ ಯಂತ್ರ ಜ್ವರ ತಡೆಯಲಾಗದೆ ಪ್ರತಿ ಸಲ ತಾನೇ ಕಣ್ಣು ಮುಚ್ಚುತ್ತಿತ್ತು.

ಅಷ್ಟರಲ್ಲಿ ಕೆಳಗೆ ಬಾಗಿಲಿನ ಸದ್ದಾಯಿತು. ಹಾಳೆ ಪರ್ರನೆ ಕಿತ್ತು ಎಲ್ಲೋ ಎಸೆದೆ, ಶಾಖ ಸಾಗಿಸುವ ಲೇಪ ಬಳಿದೆ, ಕೂಲರ್ ಬಿಗಿದೆ, ಸ್ಟೂಲಿನ ಮೇಲೆ ಕೂತು ಬೆವರೊರೆಸಿಕೊಂಡೆ.

ಊಟವಾದ ಮೇಲೆ ಚೆಂಗ್-ಯೂ ಪೇರಲ ಹಣ್ಣು ಕಡಿಯುತ್ತಾ ಆಡಿದ. ಡ್ರ್ಯಾಗನ್ ಬಂತು, ಸತ್ತಿತು, ಇನ್ನೊಂದು ಬಂತು. ಪರದೆ ಜಪ್ಪಯ್ಯ ಎಂದರೂ ಕಪ್ಪಾಗಲಿಲ್ಲ. ಮೂಲೆ ನನ್ನದು!

"ಭಾವ, ಭಲೆ! ಏನಾಗಿತ್ತು ಇದಕ್ಕೆ?"

ಎಲ್ಲರೂ ನನ್ನ ಬಾಯನ್ನೇ ನೋಡಿದರು. ಹಾಳೆ ಎಂದರೆ ಮಾನ ಹೋಗುತ್ತದೆ. ಬೇರೆ ಕಾರಣ ಥಟ್ಟನೆ ಹೊಳೆಯಲಿಲ್ಲ.

"ಅತ್ತೆಯ ಪೊಟ್ಟಣದ ಮಹಿಮೆ" ಎಂದೆ, ಕಷಾಯ ಕುಡಿದವನಂತೆ.

ಅತ್ತೆಯ ಕಣ್ಣು ತುಂಬಿತು. ಇನ್ನಷ್ಟು ಹಣ್ಣು ತರುವ ನೆಪದಲ್ಲಿ ಎದ್ದು ಅಡುಗೆಮನೆಗೆ ಹೊರಟೆ.

"ನಿಲ್ಲಪ್ಪ, ಹಿಂದೆ ಏನೋ ಅಂಟ್ಕೊಂಡಿದೆ" ಎಂದು ಅತ್ತೆ ನನ್ನ ಚಡ್ಡಿಯಿಂದ ಒಂದು ಹಾಳೆ ಸುಲಿದು, ಅದರ ಕೆಂಪಕ್ಷರಗಳನ್ನು ಕನ್ನಡಕವೇರಿಸಿ ಗಟ್ಟಿಯಾಗಿ ಓದಿದರು: "ಕೂಲರಿನ ತಳದ ಹಾಳೆ. ಬಳಸುವ ಮೊದಲು ಇದನ್ನು ತೆಗೆಯಿರಿ."

ಚೆಂಗ್-ಯೂಗೆ ಪೇರಲ ಗಂಟಲಲ್ಲಿ ಸಿಕ್ಕಿಕೊಂಡಿತು. ಪೇ-ಯೂನ್ ಸೋಫಾದ ಮೇಲೆ ಬಿದ್ದು ಬಿದ್ದು ನಕ್ಕಳು.

"ನಗ್ಬೇಡ್ರೇ!" ಅತ್ತೆ ಗದರಿದರು. ನನ್ನ ಬೆನ್ನು ಸವರಿದರು. "ಇಷ್ಟು ದಿನ ಈ ಮನೇಲಿ ನಾನೊಬ್ಬಳೇ ಅಂದ್ಕೊಂಡಿದ್ದೆ. ಹೊಸ ಸಾಮಾನು ಜೋಪಾನ ಮಾಡೋದು ನನ್ನ ಅಳಿಯಂಗೂ ಗೊತ್ತಿದೆ!"

ಆ ಹಾಳೆಯನ್ನು ಅವರು ಯಂತ್ರದ ಹಣೆಗೆ, ಹಸಿರು ಪೊಟ್ಟಣದ ಕೆಳಗೆ, ನೀಟಾಗಿ ಅಂಟಿಸಿದ್ದಾರೆ. ಈಗ ಡ್ರ್ಯಾಗನ್ ಕೊಲ್ಲುವ ಹುಚ್ಚು ಪೇ-ಯೂನಳಿಗೂ ಹತ್ತಿದೆ. ನಾನು ಆಡುತ್ತಾ ಕೂತಿದ್ದರೆ ಹಿಂದೆ ಬಂದು ನಿಲ್ಲುತ್ತಾಳೆ. 'ಬಳಸುವ ಮೊದಲು ಇದನ್ನು ತೆಗೆಯಿರಿ' ಎಂಬ ಸಾಲಿನ ಮೇಲೆ ಒಮ್ಮೆ ಬೆರಳಿಡುತ್ತಾಳೆ, ಆಮೇಲೆ ನನ್ನತ್ತ ತೋರಿಸುತ್ತಾಳೆ. ನಾನು ಏಳುತ್ತೇನೆ.